ಜಾಂಗೋದಲ್ಲಿ ಒಬ್ಬ ರೈತನ ಹೆಸರಿಗೆ ಹಲವು ಲೋಡ್ ಜೋಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ದಾವಣಗೆರೆ ಎಪಿಎಂಸಿಯಲ್ಲಿ ನಿಮ್ಮ ಸೋದರಮಾವನ ದಲ್ಲಾಳಿ ಮಂಡಿ ಇದೆ. ಅಲ್ಲಿನ ಮೆಕ್ಕೆಜೋಳದ ಲೆಕ್ಕಕ್ಕೆ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಆ್ಯಪ್ ಬರೆಯುತ್ತಿದ್ದೀರಿ. ರೈತರ ಟೇಬಲ್‌ನಲ್ಲೇ ಲೋಡ್ 1, ಲೋಡ್ 2 ಅಂತ ಐದು ಕಾಲಂ ಇಟ್ಟಿದ್ದೀರಿ. ಈಗ ಒಬ್ಬ ರೈತರು ಆರನೇ ಲೋಡ್ ತಂದಿದ್ದಾರೆ, ಅದನ್ನು ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ.

ಆರನೇ ಕಾಲಂ ಮಾತ್ರ ಸೇರಿಸಬೇಡಿ. ಲೋಡ್‌ಗೆ ಬೇರೆಯೇ ಮಾಡೆಲ್ (ಒಂದು ಟೇಬಲ್ ಹೇಗಿರಬೇಕು ಅಂತ ಹೇಳುವ ಕೋಡ್) ಮಾಡಿ. ಒಬ್ಬ ರೈತನಿಗೆ ಎಷ್ಟು ಲೋಡ್ ಬೇಕಾದರೂ ಇರಬಹುದು, ಆದರೆ ಒಂದು ಲೋಡ್ ಒಬ್ಬ ರೈತನದ್ದೇ ಅಲ್ವಾ? ಹಾಗಾಗಿ ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್‌ನ ಸಾಲಿಗೆ ಜೋಡಿಸುವ ಕೊಂಡಿ, ಇರಬೇಕಾದ್ದು ಲೋಡ್ ಮಾಡೆಲ್‌ನಲ್ಲಿ. ಹೊಸಬರು ರೈತನ ಮಾಡೆಲ್‌ನಲ್ಲಿ 'ಲೋಡ್‌ಗಳ ಪಟ್ಟಿ' ಅನ್ನೋ ಫೀಲ್ಡ್ ಹುಡುಕುತ್ತಾರೆ. ಅದು ಬೇಕಾಗಿಲ್ಲ. ಲೋಡ್ ಕಡೆ ಒಂದು ಫಾರಿನ್ ಕೀ ಬರೆದರೆ ರೈತನ ಐಡಿ ಹಿಡಿಯುವ ಕಾಲಂ ತಾನಾಗೇ ಬರುತ್ತದೆ, ಬೇಗ ಹುಡುಕಲು ಅದಕ್ಕೆ ಇಂಡೆಕ್ಸನ್ನೂ ಜಾಂಗೋ ತಾನೇ ಹಾಕುತ್ತದೆ. ಜೊತೆಗೆ ರಿಲೇಟೆಡ್ ನೇಮ್ ಕೊಡಿ. 'ಲೋಡ್ಸ್' ಅಂತ ಕೊಟ್ಟರೆ ರೈತನಿಂದ ಅವನ ಎಲ್ಲ ಲೋಡ್‌ಗಳನ್ನು ಆ ಹೆಸರಲ್ಲೇ ಕೇಳಬಹುದು. ಕೊಡದಿದ್ದರೆ ಮಾಡೆಲ್ ಹೆಸರಿಗೆ ಅಂಡರ್‌ಸ್ಕೋರ್, ಸೆಟ್ ಅಂತ ಸೇರಿಸಿ ಜಾಂಗೋ ತಾನೇ ಒಂದು ಹೆಸರು ಇಟ್ಟುಕೊಳ್ಳುತ್ತದೆ. ಅದೂ ನಡೆಯುತ್ತದೆ, ಆದರೆ ಆರು ತಿಂಗಳು ಬಿಟ್ಟು ಕೋಡ್ ಓದುವಾಗ ನೀವೇ ಇಟ್ಟ ಹೆಸರು ಬೇಗ ಅರ್ಥವಾಗುತ್ತದೆ.

ರೈತನನ್ನು ಹೆಸರಿನಿಂದ ಗುರುತಿಸಲು ಹೋಗಬೇಡಿ. ಜಗಳೂರು, ಹೊನ್ನಾಳಿ, ಭರಮಸಾಗರ ಕಡೆಯಿಂದ ಬರುವವರಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಜನ ಸಿಗುತ್ತಾರೆ. ಫೋನ್ ನಂಬರ್ ಕೂಡ ಸಾಲದು, ಅಪ್ಪನಿಗೂ ಮಗನಿಗೂ ಒಂದೇ ನಂಬರ್ ಬರೆಸಿರುತ್ತಾರೆ. ಜಾಂಗೋ ಕೊಡುವ ಐಡಿ ಇರಲಿ. ಹೆಸರು, ಊರು, ಫೋನ್ ಎಲ್ಲ ಹುಡುಕಾಟಕ್ಕೆ ಮಾತ್ರ.

ಈಗ ನಾನು ತುಂಬಾ ಮುಖ್ಯ ಅಂದುಕೊಂಡಿರುವ ಸಂಗತಿ: ಆನ್ ಡಿಲೀಟ್, ಅಂದರೆ ರೈತನ ಸಾಲು ಅಳಿಸಿದರೆ ಅವನ ಲೋಡ್‌ಗಳಿಗೆ ಏನಾಗಬೇಕು ಅಂತ ಫಾರಿನ್ ಕೀಯಲ್ಲಿ ಹೇಳುವುದು. 2017ರ ಕೊನೆಗೆ ಬಂದ ಜಾಂಗೋ 2.0ರಿಂದ ಇದನ್ನು ಬರೆಯಲೇಬೇಕು. ಅದಕ್ಕೆ ಮುಂಚೆ ಬರೆಯದೆ ಬಿಟ್ಟರೆ ಕ್ಯಾಸ್ಕೇಡ್ ಅಂತಲೇ ಲೆಕ್ಕ. ಇಂಟರ್ನೆಟ್‌ನಲ್ಲಿ ಸಿಗುವ ಬಹಳಷ್ಟು ಪಾಠಗಳಲ್ಲಿ ಈಗಲೂ ಕ್ಯಾಸ್ಕೇಡೇ ಇರುತ್ತದೆ, ಎಲ್ಲರೂ ಅದನ್ನೇ ಕಾಪಿ ಮಾಡುತ್ತಾರೆ. ಕ್ಯಾಸ್ಕೇಡ್ ಅಂದರೆ ರೈತನ ಸಾಲು ಅಳಿಸಿದರೆ ಅವನ ಎಲ್ಲ ಲೋಡ್‌ಗಳೂ ಅಳಿಸಿಹೋಗುತ್ತವೆ.

ಮಂಡಿಯಲ್ಲಿ ರೈತನ ಸಾಲನ್ನು ಯಾರಾದರೂ ಯಾಕೆ ಅಳಿಸುತ್ತಾರೆ? ಹೆಚ್ಚಾಗಿ ಒಬ್ಬರೇ ಎರಡು ಸಲ ಎಂಟ್ರಿ ಆಗಿರುತ್ತಾರೆ ಅಂತ. ಸುಗ್ಗಿಯ ಗಲಾಟೆಯಲ್ಲಿ ಗುಮಾಸ್ತರು ಹಳೇ ಹೆಸರು ಹುಡುಕದೆ ಹೊಸದಾಗಿ ಬರೆದಿರುತ್ತಾರೆ. ಆಮೇಲೆ ಯಾರೋ ನೋಡಿ ಒಂದನ್ನು ಡಿಲೀಟ್ ಮಾಡುತ್ತಾರೆ. ಆ ಎಂಟ್ರಿಯ ಕೆಳಗೆ ಎರಡು ಲೋಡ್ ಇದ್ದರೆ? ಅಷ್ಟು ಮೆಕ್ಕೆಜೋಳ ಲೆಕ್ಕದಿಂದಲೇ ಮಾಯ. ಬೆಳೆದವನ ದುಡ್ಡು ಅದು. ಅದಕ್ಕೇ ಇಲ್ಲಿ ಪ್ರೊಟೆಕ್ಟ್ ಹಾಕಿ ಅಂತ ಒತ್ತಿ ಹೇಳುತ್ತೇನೆ. ಲೋಡ್ ಇರುವ ರೈತನನ್ನು ಅಳಿಸಲು ಹೋದರೆ ಜಾಂಗೋ ಎರರ್ ಕೊಟ್ಟು ನಿಲ್ಲಿಸುತ್ತದೆ. ಮೊದಲು ಆ ಲೋಡ್‌ಗಳನ್ನು ಸರಿಯಾದ ರೈತನ ಐಡಿಗೆ ಬದಲಿಸಬೇಕು. ಫಿಲ್ಟರ್ ಮಾಡಿ ಅಪ್‌ಡೇಟ್ ಮಾಡಿದರೆ ಒಂದೇ ಸಾಲಿನ ಕೆಲಸ. ಆಮೇಲೆ ಅಳಿಸಿ. ಲೋಡ್‌ನಲ್ಲಿ ರೈತನ ಜಾಗ ಖಾಲಿ ಮಾಡುವ ಸೆಟ್ ನಲ್ ಅನ್ನೋ ಇನ್ನೊಂದು ದಾರಿಯೂ ಇದೆ, ಆದರೆ ಅದು ಯಾರದ್ದೋ ಗೊತ್ತಿಲ್ಲದ ಲೋಡ್‌ಗಳನ್ನು ಉಳಿಸುತ್ತದೆ. ಮಂಡಿಯ ಲೆಕ್ಕಕ್ಕೆ ಅದು ಬೇಡ.

ಕೋಡ್ ಬರೆಯುವ ಮುಂಚೆ ಗುಮಾಸ್ತರ ಹತ್ತಿರ ಒಂದು ಮಾತು ಕೇಳಿ: ಒಂದೇ ಲೋಡನ್ನು ಇಬ್ಬರು ಖರೀದಿದಾರರಿಗೆ ಹಂಚಿ ಕೊಡುವುದು ಉಂಟಾ? ಉಂಟು ಅಂದರೆ ಖರೀದಿದಾರನ ಹೆಸರು, ದರ ಎರಡೂ ಲೋಡ್ ಟೇಬಲ್‌ನಲ್ಲಿ ಇರಬಾರದು. 'ಮಾರಾಟ' ಅಂತ ಇನ್ನೊಂದು ಟೇಬಲ್ ಬೇಕು. ಒಂದು ಲೋಡ್‌ಗೆ ಹಲವು ಮಾರಾಟ, ಮತ್ತೆ ಅದೇ ಸಂಬಂಧ. ಅಳಿಸುವ ವಿಷಯದಲ್ಲೂ ಅಲ್ಲಿ ಪ್ರೊಟೆಕ್ಟೇ ಇರಲಿ. ತೂಕಕ್ಕೂ ದುಡ್ಡಿಗೂ ಡೆಸಿಮಲ್ ಫೀಲ್ಡ್, ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಫ್ಲೋಟ್ ಬೇಡ.

ಮುಂದೆ ನಿಮಗೆ ಖಂಡಿತ ಎದುರಾಗುವ ಒಂದು ತೊಂದರೆ ಈಗಲೇ ಹೇಳುತ್ತೇನೆ. ಮಂಡಿ ಅಂದಮೇಲೆ ರೈತರು ಮುಂಗಡ ತೆಗೆದುಕೊಂಡಿರುತ್ತಾರೆ. ಅದಕ್ಕೂ ಒಂದು ಟೇಬಲ್ ಮಾಡುತ್ತೀರಿ, ಅಲ್ಲೂ ರೈತನಿಗೆ ಫಾರಿನ್ ಕೀ. ಆಮೇಲೆ ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಪ್ರತಿ ರೈತನ ಪಕ್ಕ ಮೊತ್ತ ಸೇರಿಸುವ ಆ್ಯನೋಟೇಟ್ ಹಾಕಿ ಒಟ್ಟು ತೂಕ, ಒಟ್ಟು ಮುಂಗಡ ಎರಡನ್ನೂ ಕೂಡಿಸಲು ಹೋಗುತ್ತೀರಿ. ಉತ್ತರ ತಪ್ಪು ಬರುತ್ತದೆ, ಎರರ್ ಮಾತ್ರ ಬರುವುದಿಲ್ಲ.

ಒಬ್ಬ ರೈತನದ್ದು ಮೂರು ಲೋಡ್ ಅಂದುಕೊಳ್ಳಿ: 20, 30, 25 ಕ್ವಿಂಟಾಲ್, ಒಟ್ಟು 75. ಮುಂಗಡ ಎರಡು ಸಲ: 5,000 ಮತ್ತು 10,000, ಒಟ್ಟು 15,000 ರೂಪಾಯಿ. ಎರಡು ಟೇಬಲ್‌ಗಳನ್ನೂ ಒಟ್ಟಿಗೆ ಜಾಯಿನ್ ಮಾಡಿದಾಗ ಪ್ರತಿ ಲೋಡ್ ಪ್ರತಿ ಮುಂಗಡದ ಜೊತೆ ಕೂಡಿ ಆರು ಸಾಲು ಆಗುತ್ತದೆ. ಪ್ರತಿ ಲೋಡ್ ಎರಡು ಸಲ, ಪ್ರತಿ ಮುಂಗಡ ಮೂರು ಸಲ ಎಣಿಕೆಯಾಗುತ್ತದೆ. ತೂಕ 150 ಕ್ವಿಂಟಾಲ್, ಮುಂಗಡ 45,000 ಅಂತ ಪರದೆ ಮೇಲೆ ಬರುತ್ತದೆ. ಹೀಗೆ ಪ್ರಿಂಟಾದ ಲೆಕ್ಕ ರೈತನ ಕೈಗೆ ಹೋದರೆ ಏನಾಗುತ್ತದೆ ಯೋಚಿಸಿ. ಎಣಿಸುವ ಕೌಂಟ್‌ಗಾದರೆ, ಮರುಕಳಿಸಿದ್ದನ್ನು ಒಮ್ಮೆ ಮಾತ್ರ ಲೆಕ್ಕ ಹಿಡಿಯುವ ಡಿಸ್ಟಿಂಕ್ಟ್ ಹಾಕಿ ಸರಿಮಾಡಬಹುದು. ಕೂಡಿಸುವ ಸಮ್‌ಗೆ ಅದು ನಡೆಯುವುದಿಲ್ಲ, ಒಂದೇ ತೂಕದ ಎರಡು ಲೋಡ್ ಇದ್ದರೆ ಒಂದನ್ನು ನುಂಗಿಬಿಡುತ್ತದೆ. ಒಂದೊಂದು ಮೊತ್ತಕ್ಕೂ ಬೇರೆ ಸಬ್‌ಕ್ವೆರಿ (ಕ್ವೆರಿಯ ಒಳಗಿನ ಕ್ವೆರಿ) ಬರೆಯಿರಿ. ಅದು ಕಷ್ಟ ಅನ್ನಿಸಿದರೆ ಎರಡು ಬೇರೆ ಕ್ವೆರಿ ಮಾಡಿ ಪೈಥಾನ್‌ನಲ್ಲಿ ಸೇರಿಸಿ. ಒಂದು ಮಂಡಿಯ ಮಟ್ಟಕ್ಕೆ ಎರಡನೆಯದೂ ಸಾಕು.

ವೇಗದ ಬಗ್ಗೆ ಇಷ್ಟೇ. 200 ರೈತರ ಪಟ್ಟಿ ತೋರಿಸುತ್ತಾ ಒಬ್ಬೊಬ್ಬರ ಲೋಡ್‌ಗಳನ್ನೂ ಲೂಪ್‌ನಲ್ಲಿ ಕೇಳಿದರೆ 201 ಕ್ವೆರಿ ಹೋಗುತ್ತವೆ. ಎಲ್ಲರ ಲೋಡ್‌ಗಳನ್ನೂ ಒಟ್ಟಿಗೆ ತರುವ ಪ್ರಿಫೆಚ್ ರಿಲೇಟೆಡ್ ಹಾಕಿದರೆ ಎರಡೇ. ಲೋಡ್‌ಗಳ ಪಟ್ಟಿಯಲ್ಲಿ ರೈತನ ಹೆಸರು ಬೇಕಾದಾಗ, ರೈತನ ಸಾಲನ್ನೂ ಜಾಯಿನ್ ಮಾಡಿ ತರುವ ಸೆಲೆಕ್ಟ್ ರಿಲೇಟೆಡ್ ಹಾಕಿ, ಆಗ ಒಂದೇ.

ಉಳಿದಿದ್ದು ಈಗಾಗಲೇ ತುಂಬಿರುವ ಐದು ಕಾಲಂಗಳ ಮಾತು. ಇದನ್ನು ಒಂದೇ ಮೈಗ್ರೇಶನ್‌ನಲ್ಲಿ (ಟೇಬಲ್‌ಗಳನ್ನು ಬದಲಿಸುವ ಜಾಂಗೋ ಫೈಲ್) ಮಾಡಬೇಡಿ. ಮೊದಲು ಬ್ಯಾಕಪ್ ತೆಗೆದಿಟ್ಟು ಲೋಡ್ ಟೇಬಲ್ ಮಾತ್ರ ಹುಟ್ಟಿಸಿ. ಎರಡನೇ ಮೈಗ್ರೇಶನ್‌ನಲ್ಲಿ, ನೀವು ಬರೆದ ಫಂಕ್ಷನ್ ಓಡಿಸುವ ರನ್ ಪೈಥಾನ್ ಬಳಸಿ, ಪ್ರತಿ ರೈತನ ಐದು ಕಾಲಂ ನೋಡಿ, ಖಾಲಿ ಇಲ್ಲದ ಪ್ರತಿಯೊಂದಕ್ಕೂ ಒಂದು ಲೋಡ್ ಸಾಲು ಬರೆಯಿರಿ. ಅಲ್ಲಿ ಮಾಡೆಲನ್ನು ನೇರವಾಗಿ ಇಂಪೋರ್ಟ್ ಮಾಡದೆ, ಆ ಫಂಕ್ಷನ್‌ಗೆ ಸಿಗುವ ಆ್ಯಪ್ಸ್‌ನಿಂದ ಗೆಟ್ ಮಾಡೆಲ್ ಮೂಲಕ ತೆಗೆದುಕೊಳ್ಳಿ. ಆಗ ಮುಂದೆ ಮಾಡೆಲ್ ಬದಲಾದರೂ ಈ ಮೈಗ್ರೇಶನ್ ಕೆಡುವುದಿಲ್ಲ. ಆಮೇಲೆ ಹಳೇ ಕಾಲಂಗಳ ಒಟ್ಟು ತೂಕವನ್ನು ಹೊಸ ಟೇಬಲ್‌ನ ಒಟ್ಟು ತೂಕದ ಜೊತೆ ತಾಳೆ ನೋಡಿ. ಕೆಲವು ರೈತರದ್ದನ್ನು ಮಂಡಿಯ ತೂಕದ ಚೀಟಿ ಜೊತೆಗೂ ನೋಡಿ. ಎರಡೂ ಸರಿಹೋದ ಮೇಲೆ ಮಾತ್ರ ಮೂರನೇ ಮೈಗ್ರೇಶನ್‌ನಲ್ಲಿ ಹಳೇ ಕಾಲಂ ತೆಗೆಯಿರಿ.