ಕೇಳಿ, ಹೇಳ್ತೀವಿ: ಕಮ್ಮಿ ದುಡ್ಡಿನ ಸಿನಿಮಾ

ಶಾರ್ಟ್ ಫಿಲ್ಮ್ ಮಾಡುವವರು ಪ್ರಶ್ನೆ ಕಳಿಸಿ ಅಂದಿದ್ದೇ ತಡ, ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದಲೇ ರಾಶಿ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಕೊಡುತ್ತಿದ್ದೇನೆ. "ಹೀರೊ ಆಗೋದು ಹೇಗೆ" ಅಂತ ಕೇಳಿದವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಬೇಜಾರಾಗಬೇಡಿ.

ಪ್ರಶ್ನೆ: ನಾಲ್ಕು ಜನ ಗೆಳೆಯರು ಸೇರಿ 60 ಸಾವಿರ ಕೂಡಿಸಿದ್ದೇವೆ ಸರ್. 20 ನಿಮಿಷದ ಸಿನಿಮಾ. ಹೈದರಾಬಾದ್‌ನಿಂದ ದೊಡ್ಡ ಕ್ಯಾಮೆರಾ ಬಾಡಿಗೆಗೆ ತರೋಣ ಅಂತ ಒಬ್ಬನ ಹಟ. ಅದಕ್ಕೇ ಅರ್ಧ ದುಡ್ಡು ಹೋಗುತ್ತೆ. ಏನು ಮಾಡೋಣ? (ಚಿತ್ತಾಪುರ)

ಹಟ ಬಿಡಿಸಿ. ನಿಮ್ಮಲ್ಲಿ ಯಾರ ಹತ್ತಿರ ಒಳ್ಳೆ ಫೋನ್ ಇದೆಯೋ ಅದರಲ್ಲೇ ಶೂಟ್ ಮಾಡಿ. ಚಿತ್ರ ಸ್ವಲ್ಪ ಮಸುಕಾಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸದಿದ್ರೆ ಎರಡೇ ನಿಮಿಷಕ್ಕೆ ಎದ್ದು ಹೋಗ್ತಾರೆ. ಹಾಗಾಗಿ ಮೊದಲ ಖರ್ಚು ಕಾಲರ್ ಮೈಕು, ಒಂದು ಸಣ್ಣ ರೆಕಾರ್ಡರ್. ಎರಡನೇ ಖರ್ಚು ಊಟ. ನಗಬೇಡಿ. ಪುಕ್ಕಟೆ ಕೆಲಸ ಮಾಡೋಕೆ ಬಂದ ಗೆಳೆಯ ಮಧ್ಯಾಹ್ನ ಎರಡಾದ್ರೂ ಹಸಿದುಕೊಂಡೇ ನಿಂತಿದ್ರೆ ಮರುದಿನ ಫೋನ್ ಎತ್ತಲ್ಲ. ಬೆಳಗ್ಗೆ ಸುಸಲಾ ಮಿರ್ಚಿ, ಮಧ್ಯಾಹ್ನ ರೊಟ್ಟಿ ಪಲ್ಯ, ಇಷ್ಟು ಹೊತ್ತಿಗೆ ಸರಿಯಾಗಿ ಬಂದ್ರೆ ಸಾಕು.

ಸೌಂಡ್ ವಿಷಯದಲ್ಲಿ ನಮ್ಮ ಕಡೆಯದೇ ತೊಂದರೆಗಳಿವೆ, ಅದನ್ನ ಬೆಂಗಳೂರಿನ ಯೂಟ್ಯೂಬ್ ಪಾಠದವರು ಹೇಳಲ್ಲ. ಒಂದು, ಕೂಲರ್. ಮೇ ತಿಂಗಳಲ್ಲಿ ಮನೆಯೊಳಗೆ ಸೀನ್ ಇಟ್ಟುಕೊಂಡ್ರೆ ಕೂಲರ್ ಬಂದ್ ಮಾಡಲೇಬೇಕು, ಬಂದ್ ಮಾಡಿದ್ರೆ ಐದು ನಿಮಿಷಕ್ಕೆ ನಟನ ಅಂಗಿ ಒದ್ದೆ, ಮೇಲಿಂದ ಫೋನ್ ಬೇರೆ ಬಿಸಿಯಾಗಿ ತಾನೇ ಆಫ್ ಆಗುತ್ತೆ. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ಶೂಟ್ ಮಾಡಿ. ಆದ್ರೆ ಆಗ ತೊಗರಿ ರಾಶಿ ನಡೆದಿರುತ್ತೆ. ಹೊಲದ ಸೀನ್ ಇದ್ರೆ ಪಕ್ಕದ ಹೊಲದಲ್ಲಿ ರಾಶಿ ಮಷೀನ್ ಯಾವತ್ತು ಬರುತ್ತೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎರಡನೇದು ಶಹಾಬಾದ್ ಕಲ್ಲಿನ ನೆಲ. ಖಾಲಿ ಗೋಡೆ, ಕಲ್ಲಿನ ನೆಲ ಇರೋ ಕೋಣೆಯಲ್ಲಿ ಮಾತು ಗುಂಯ್ ಅನ್ನುತ್ತೆ. ಮನೆಯಲ್ಲಿರೋ ಕೌದಿ ಎಲ್ಲಾ ತಂದು ಕ್ಯಾಮೆರಾಗೆ ಕಾಣದ ಕಡೆ ನೇತು ಹಾಕಿ, ನೆಲಕ್ಕೂ ಎರಡು ಹಾಸಿ. ಸ್ಟುಡಿಯೋದವರು ಸಾವಿರಾರು ಖರ್ಚು ಮಾಡಿ ಮಾಡೋ ಕೆಲಸವನ್ನ ಅಜ್ಜಿಯ ಕೌದಿ ಪುಕ್ಕಟೆ ಮಾಡುತ್ತೆ. ಸೀನ್ ಮುಗಿದ ಮೇಲೆ ಎಲ್ಲರೂ ಸುಮ್ನೆ ನಿಂತು ಆ ಕೋಣೆಯ ಮೌನವನ್ನೂ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ಮಧ್ಯೆ ತೇಪೆ ಹಾಕೋಕೆ ಅದು ಬೇಕೇ ಬೇಕು.

ಫೋನ್ ಸೆಟ್ಟಿಂಗ್ ಒಂದು ಹೇಳಿಬಿಡ್ತೀನಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಆಟೋದಲ್ಲೇ ಬಿಟ್ರೆ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟಿ ಓಡ್ತಾವೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತೆ, ಅದರಲ್ಲಿ ಇದನ್ನೆಲ್ಲ ಕೈಯಾರೆ ಹಾಕಬಹುದು. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕು. ದಿನದ ಶೂಟ್ ಮುಗಿದ ಕೂಡಲೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಎರಡನ್ನೂ ಒಬ್ಬನ ಬ್ಯಾಗಲ್ಲೇ ಇಡಬೇಡಿ.

ಪ್ರಶ್ನೆ: ಬೀದರ್ ಕೋಟೆಯ ಡ್ರೋನ್ ಶಾಟ್‌ನಿಂದ ಸಿನಿಮಾ ಶುರು ಮಾಡಬೇಕು ಅಂತ ಆಸೆ. ಸಣ್ಣ ಡ್ರೋನ್‌ಗೆ ಪರ್ಮಿಷನ್ ಬೇಡ ಅಂತಾರಲ್ಲ? (ಬೀದರ್)

ಯಾರು ಹೇಳಿದ್ರೋ ಅವರಿಗೇ ಹಾರಿಸೋಕೆ ಹೇಳಿ! 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಅಷ್ಟು ನಿಜ. ಆದ್ರೆ ನಿಮ್ಮೂರಲ್ಲಿ ವಾಯುಪಡೆ ನೆಲೆ ಇದೆ, ಸೂರ್ಯಕಿರಣ್ ವಿಮಾನಗಳು ಹಾರೋದು ಅಲ್ಲಿಂದಲೇ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ಬಣ್ಣ ಇರೋ ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಏನೂ ಹಾರಿಸೋ ಹಾಗಿಲ್ಲ, ಡ್ರೋನ್ ಎಷ್ಟೇ ಸಣ್ಣದಿರಲಿ. ಕೋಟೆ ಪುರಾತತ್ವ ಇಲಾಖೆಯದು. ನಟರನ್ನ ಕರೆದುಕೊಂಡು ಹೋಗಿ ಸ್ಟ್ಯಾಂಡ್ ಹಾಕಿ ಶೂಟ್ ಮಾಡಬೇಕು ಅಂದ್ರೆ ಅವರಿಗೂ ಅರ್ಜಿ, ಫೀ, ಡೆಪಾಸಿಟ್ ಎಲ್ಲಾ ಇದೆ. ರೈಲ್ವೆ ಸ್ಟೇಷನ್‌ಗೂ ಇದೇ ಕಥೆ, ವಾಡಿ ಜಂಕ್ಷನ್ ಸೀನ್ ಬರೆದಿರೋರು ಗಮನಿಸಿ.

ನಿಜ ಹೇಳ್ಲಾ? ಮೇಲಿನಿಂದ ಕಾಣೋ ಕೋಟೆ ನೋಡಿ ನೋಡಿ ಸಾಕಾಗಿದೆ. ನಿಮ್ಮೂರಲ್ಲಿ ಅದಕ್ಕಿಂತ ಒಳ್ಳೆಯದಿದೆ. ಬಿದರಿ ಕೆಲಸದವರ ಅಂಗಡಿಗೆ ಹೋಗಿ ಕೇಳಿಕೊಂಡು ಒಂದು ದಿನ ಕೂತ್ಕೊಳ್ಳಿ. ಸತು, ತಾಮ್ರ ಕರಗಿಸಿ ಮಾಡಿದ ಹೂಜಿಗೆ ಬೆಳ್ಳಿ ಎಳೆ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ನೋಡ್ತಾ ನೋಡ್ತಾ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹೊಳೀತಾ ಉಳಿಯುತ್ತೆ. ಆ ಕೈ, ಆ ಮಣ್ಣು, ಸುತ್ತಿಗೆಯ ಟಕ್ ಟಕ್. ನಿಮ್ಮ ಕೋಟೆ ಅಲ್ಲೇ ಬಂತಲ್ವಾ?

ಪ್ರಶ್ನೆ: ನಮ್ಮ ಭಾಷೆಯಲ್ಲೇ ಮಾತು ಬರೆದಿದ್ದೇನೆ. ಬೆಂಗಳೂರಿನವರಿಗೆ ತಿಳಿಯಲ್ಲ, ಬದಲಿಸು ಅಂತ ಎಲ್ಲರೂ ಹೇಳ್ತಾರೆ. (ಶಹಾಪುರ)

ಬದಲಿಸಬೇಡಿ. 2015ರ "ತಿಥಿ" ಸಿನಿಮಾ ನೋಡಿದ್ದೀರಲ್ಲ, ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದು, ಅವರದೇ ಮಾತು. ಅದು ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ತಂದಿತು. ಮಂಡ್ಯದ ಮಾತು ಸ್ವಿಟ್ಜರ್ಲೆಂಡ್‌ಗೆ ತಿಳಿಯೋದಾದ್ರೆ ಶಹಾಪುರದ ಮಾತು ಬೆಂಗಳೂರಿಗೆ ತಿಳಿಯಲ್ವಾ? ಸಬ್‌ಟೈಟಲ್ ಹಾಕಿ, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ. "ನಿಮ್ಮಪ್ಪ ಎಲ್ಲಿ ಹೋಗ್ಯಾನ?" ಅಂತ ಕೇಳೋ ಹುಡುಗನೇ ಮುಂದಿನ ಸೀನ್‌ನಲ್ಲಿ "ಅವರು ಎಲ್ಲಿಗೆ ಹೋಗಿದ್ದಾರೆ" ಅಂದ್ರೆ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ. ಪಾತ್ರ ಉರ್ದು ಬೆರೆಸಿ ಮಾತಾಡೋದಾದ್ರೆ ಹಾಗೇ ಬಿಡಿ, ಬಜಾರ್‌ನಲ್ಲಿ ನಾವೆಲ್ಲ ಮಾತಾಡೋದು ಹಾಗೇ. ನಾಟಕ ಕಂಪನಿ ಕಲಾವಿದರನ್ನ ಹಾಕಿಕೊಂಡ್ರೆ ಕೊನೇ ಸಾಲಿಗೂ ಕೇಳೋ ಹಾಗೆ ಮಾತಾಡ್ತಾರೆ, ಅದು ಅವರ ತಪ್ಪಲ್ಲ. ಮೈಕನ್ನ ಕಾಲರ್‌ಗೆ ಸಿಕ್ಕಿಸಿ, ಹೆಡ್‌ಫೋನ್‌ನಲ್ಲಿ ಅವರ ದನಿ ಅವರಿಗೇ ಕೇಳಿಸಿ. ತಾವಾಗೇ ಇಳಿಸ್ತಾರೆ.

ಪ್ರಶ್ನೆ: ಹಳೇ ಸಿನಿಮಾ ಹಾಡು 10 ಸೆಕೆಂಡ್ ಬಳಸಿದ್ರೆ ತೊಂದರೆ ಇಲ್ಲ ಅಲ್ವಾ? (ಸೇಡಂ)

ಇದೆ. ಇಷ್ಟು ಸೆಕೆಂಡ್ ಪುಕ್ಕಟೆ ಅನ್ನೋ ಕಾನೂನು ಎಲ್ಲೂ ಇಲ್ಲ. ಯೂಟ್ಯೂಬ್‌ಗೆ ಹಾಕಿದ ಕೂಡಲೇ ಕ್ಲೇಮ್ ಬರುತ್ತೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಬಳಸಿ, ಅವು ಬಹಳ ಹಳೇವು, ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದ್ರೆ ಯಾರೋ ಹಾಡಿದ ಕ್ಯಾಸೆಟ್‌ನಿಂದ ಎತ್ತಬೇಡಿ, ಆ ರೆಕಾರ್ಡಿಂಗ್‌ಗೆ ಮಾಲೀಕರಿರ್ತಾರೆ. ನಿಮ್ಮೂರ ಭಜನಾ ತಂಡದವರನ್ನ ಕೂರಿಸಿ ಹಾಡಿಸಿ, ಗೌರವಧನ ಕೊಡಿ, ಕಾಗದದ ಮೇಲೆ ಒಪ್ಪಿಗೆ ಬರೆಸಿಕೊಳ್ಳಿ.

ಪ್ರಶ್ನೆ: ಸಿನಿಮಾ ಮುಗಿದಿದೆ, 20 ನಿಮಿಷ. ಯೂಟ್ಯೂಬ್‌ಗೆ ಹಾಕಬೇಕಾ, ಫೆಸ್ಟಿವಲ್‌ಗೆ ಕಳಿಸಬೇಕಾ? ಒಬ್ಬರು ದುಡ್ಡು ಕೊಟ್ರೆ ಅಂತರರಾಷ್ಟ್ರೀಯ ಅವಾರ್ಡ್ ಗ್ಯಾರಂಟಿ ಅಂತಿದ್ದಾರೆ. (ಕಲಬುರಗಿ)

ಆ ಅವಾರ್ಡ್‌ನವರ ನಂಬರ್ ಬ್ಲಾಕ್ ಮಾಡಿ. ಆನ್‌ಲೈನ್‌ನಲ್ಲೇ ಹುಟ್ಟಿ, ತಿಂಗಳಿಗೊಮ್ಮೆ ಫೀ ಕಟ್ಟಿದ ಎಲ್ಲರಿಗೂ ಸರ್ಟಿಫಿಕೇಟ್ ಕೊಡೋ "ಫೆಸ್ಟಿವಲ್"ಗಳು ಬೇಕಾದಷ್ಟಿವೆ. ನಾನು ನೋಡೋದು ಒಂದೇ: ಹಾಲ್‌ನಲ್ಲಿ ಜನರ ಮುಂದೆ ಸಿನಿಮಾ ಹಾಕ್ತಾರಾ ಇಲ್ವಾ? ಕೇರಳದ ಐಡಿಎಸ್‌ಎಫ್‌ಎಫ್‌ಕೆ (ಸಾಕ್ಷ್ಯಚಿತ್ರ, ಕಿರುಚಿತ್ರಗಳ ಉತ್ಸವ), ಎರಡು ವರ್ಷಕ್ಕೊಮ್ಮೆ ನಡೆಯೋ ಮುಂಬೈ ಉತ್ಸವ, ಧರ್ಮಶಾಲಾದ ಉತ್ಸವ, ಇಂಥವಕ್ಕೆ ಕಳಿಸಿ. ನಿಯಮ ಓದಿ, ಆನ್‌ಲೈನ್‌ನಲ್ಲಿ ಈಗಾಗಲೇ ಬಂದಿರೋದನ್ನ ತಗೊಳ್ಳದ ಉತ್ಸವಗಳಿವೆ. ಅದಕ್ಕೇ ಯೂಟ್ಯೂಬ್ ಕೊನೆಗೆ.

ಯೂಟ್ಯೂಬ್ ದುಡ್ಡಿನ ಕನಸಿದ್ರೆ ಲೆಕ್ಕ ಹಾಕಿ ನೋಡಿ. ಜಾಹೀರಾತಿನ ದುಡ್ಡು ಬರೋಕೆ 1000 ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ 4000 ಗಂಟೆ ನೋಡಿರಬೇಕು. ನಿಮ್ಮ ಸಿನಿಮಾವನ್ನ 12,000 ಜನ ಮೊದಲಿಂದ ಕೊನೇವರೆಗೂ ನೋಡಿದ್ರೆ ಅಲ್ಲಿಗೆ ಬಾಗಿಲ ತನಕ ಬಂದ ಹಾಗೆ, ಒಳಗೆ ಇನ್ನೂ ಏನೂ ಇಲ್ಲ.

ಈ ಎರಡಕ್ಕೂ ಮೊದಲು ಊರಲ್ಲೇ ತೋರಿಸಿ. ನಮ್ಮ ಹುಡುಗರು ಮಾಡದೇ ಇರೋದು ಇದೊಂದೇ. ಬೆಂಗಳೂರಿಗೆ ಲಿಂಕ್ ಕಳಿಸಿ ಉತ್ತರಕ್ಕೆ ಕಾಯ್ತಾರೆ, ಸಿನಿಮಾದಲ್ಲಿ ನಟಿಸಿದ ಅತ್ತೆ ಮಾತ್ರ ಇನ್ನೂ ನೋಡಿಲ್ಲ! ಟಿಕೆಟ್ ಇಟ್ಟು ಎಲ್ಲರಿಗೂ ತೋರಿಸೋದಾದ್ರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕೋದು. ಮೊದಲಿಗೆ ಕೆಲಸ ಮಾಡಿದವರು, ಅವರ ಮನೆಯವರು, ಗೆಳೆಯರು, ಇಷ್ಟೇ ಜನರನ್ನ ಕರೆದು ಕಾಲೇಜಿನ ಒಂದು ಕೋಣೆಯಲ್ಲಿ ಪ್ರೊಜೆಕ್ಟರ್ ಹಾಕಿ. ನೀವು ಪರದೆ ನೋಡಬೇಡಿ, ಜನರ ಮುಖ ನೋಡಿ. ಎಲ್ಲಿ ಮೊಬೈಲ್ ತೆಗೆದ್ರು, ಎಲ್ಲಿ ನಕ್ಕರು ಅಂತ ಬರೆದುಕೊಳ್ಳಿ. ಮೊಬೈಲ್ ತೆಗೆದ ಜಾಗ ಕತ್ತರಿಸಿ, ಆಮೇಲೆ ಫೆಸ್ಟಿವಲ್‌ಗೆ ಕಳಿಸಿ.

ಪ್ರಶ್ನೆ: ಜನರಿಂದಲೇ ದುಡ್ಡು ಎತ್ತಿ ದೊಡ್ಡ ಸಿನಿಮಾ ಮಾಡಬಹುದಾ, ಲೂಸಿಯಾ ಸಿನಿಮಾ ಥರ? (ಹುಮನಾಬಾದ್)

ಮಾಡಬಹುದು. ಆದ್ರೆ 2013ರಲ್ಲಿ ಲೂಸಿಯಾ ಬರೋ ಹೊತ್ತಿಗೆ ಅದರ ನಿರ್ದೇಶಕ ಪವನ್ ಕುಮಾರ್ ಆಗಲೇ ಒಂದು ಸಿನಿಮಾ ನಿರ್ದೇಶಿಸಿದ್ದರು. ಜನ ದುಡ್ಡು ಕೊಟ್ಟಿದ್ದು ಗೊತ್ತಿದ್ದವರಿಗೆ. ನೀವು ಮೊದಲು 15 ನಿಮಿಷದ್ದು ಒಂದು ಮಾಡಿ ಹುಮನಾಬಾದ್‌ನಲ್ಲಿ ತೋರಿಸಿ. ಆಮೇಲೆ ಕೇಳಿ, ಕೊಟ್ಟವರ ಹೆಸರು, ಮೊತ್ತ, ಏನು ಖರ್ಚಾಯ್ತು ಅನ್ನೋದನ್ನ ತಿಂಗಳಿಗೊಮ್ಮೆ ಅವರಿಗೇ ಕಳಿಸಿ. ಸಂಬಂಧಿಕರ ದುಡ್ಡಾದ್ರೂ ಲೆಕ್ಕ ಬರೆದಿಡಿ, ಅವರದಾದ್ರೆ ಇನ್ನೂ ಜಾಸ್ತಿ ಬರೆದಿಡಿ.