ಕಡಲ ದಡದಿಂದ ಫ್ಲೈ ಫಿಶಿಂಗ್: ರಾಡ್‌ಗಿಂತ ಮೊದಲು ಲೈನ್

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದ ಕಡೆಯವನು, ಈಗ ಬಾಸ್ಟನ್ ಸಮೀಪದ ಕ್ವಿನ್ಸಿಯಲ್ಲಿ ನೆಲೆಸಿದ್ದೇನೆ. ಇಲ್ಲಿನ ಹೊಳೆಗಳಲ್ಲಿ 5 ವೇಟ್ ಫ್ಲೈ ರಾಡ್ ಹಿಡಿದು ಟ್ರೌಟ್ ಹಿಡಿಯುವುದು ರೂಢಿಯಾಗಿದೆ. ಮುಂದಿನ ಬೇಸಿಗೆಯಲ್ಲಿ ಕಡಲಿಗೆ ಚಾಚಿದ ಕೇಪ್ ಕಾಡ್‌ನ ದಡದಲ್ಲಿ ನಿಂತು ಸ್ಟ್ರೈಪ್ಡ್ ಬಾಸ್ ಹಿಡಿಯಬೇಕೆಂಬ ಆಸೆಯಿದೆ. ದೋಣಿಯಿಲ್ಲ. ಅಂಗಡಿಯಲ್ಲಿ 8, 9, 10 ವೇಟ್‌ನ ರಾಡ್‌ಗಳನ್ನು ತೋರಿಸಿದರು. ಬೆಲೆ ಕೇಳಿ ಹಿಂದಿರುಗಿದೆ. ಯಾವುದನ್ನು ಕೊಳ್ಳಬೇಕು, ಜೊತೆಗೆ ಇನ್ನೇನು ಬೇಕು?
— ಓದುಗರು, ಕ್ವಿನ್ಸಿ, ಮ್ಯಾಸಚೂಸೆಟ್ಸ್

ಉತ್ತರ: ಒಂದೇ ರಾಡ್ ಕೊಳ್ಳುವುದಾದರೆ ಒಂಬತ್ತು ಅಡಿಯ 9 ವೇಟ್ ಕೊಳ್ಳಿ. ಈ ಅಂಕಿ ರಾಡಿನ ತೂಕವನ್ನಲ್ಲ, ಅದು ಎಸೆಯಬೇಕಾದ ಲೈನಿನ ತೂಕವನ್ನು ಸೂಚಿಸುತ್ತದೆಂಬುದು ನಿಮಗೆ ಗೊತ್ತೇ ಇರುತ್ತದೆ. ಆದರೆ ಒಂದು ಅಂಕಿಗೂ ಇನ್ನೊಂದಕ್ಕೂ ಇರುವ ಅಂತರವನ್ನು ಅಂಗಡಿಯವರು ವಿವರಿಸುವುದು ಕಡಿಮೆ. ಲೈನಿನ ಮೊದಲ 30 ಅಡಿ ನಿಮ್ಮ 5 ವೇಟ್‌ನಲ್ಲಿ 140 ಗ್ರೇನ್ ತೂಗಿದರೆ, 8ರಲ್ಲಿ 210, 9ರಲ್ಲಿ 240, 10ರಲ್ಲಿ 280 ಗ್ರೇನ್ ತೂಗುತ್ತದೆ. ಒಂದು ಗ್ರಾಂ ಎಂದರೆ ಸುಮಾರು 15 ಗ್ರೇನ್. ಫ್ಲೈಗೆ, ಅಂದರೆ ಗರಿ ಕೂದಲು ಕಟ್ಟಿದ ಕೊಕ್ಕೆಗೆ, ತನ್ನದೇ ಆದ ಭಾರ ಅಷ್ಟಾಗಿ ಇರುವುದಿಲ್ಲವಾದ್ದರಿಂದ ಅದನ್ನು ಗಾಳಿಯಲ್ಲಿ ಹೊತ್ತೊಯ್ಯುವ ಕೆಲಸವೆಲ್ಲ ಲೈನಿನ ಭಾರದ್ದು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೇಪ್ ಕಾಡ್‌ನಲ್ಲಿ ನೈಋತ್ಯದ ಗಾಳಿ ಬಲವಾಗಿ ಬೀಸುವುದು ಸಾಮಾನ್ಯ. ಅದಕ್ಕೆದುರಾಗಿ ನಾಲ್ಕೈದು ಅಂಗುಲದ ಒದ್ದೆ ಫ್ಲೈಯನ್ನು ಎಸೆಯಲು ಟ್ರೌಟ್ ಲೈನ್ ಸಾಲದು. ಮರೆಯಲ್ಲಿರುವ ಕೊಲ್ಲಿಗಳಿಗೆ 8 ವೇಟ್ ಸೊಗಸಾಗಿ ಒಗ್ಗುತ್ತದೆ. ದೊಡ್ಡ ಅಲೆಯ ದಡಕ್ಕೆ 10 ವೇಟ್ ಹೇಳಿ ಮಾಡಿಸಿದ್ದೇ ಆದರೂ ಹೊಸಬರ ತೋಳು ಕೆಲವೇ ಗಂಟೆಗಳಲ್ಲಿ ಸೋಲುತ್ತದೆ, ತೋಳು ಸೋತ ಮೇಲೆ ಎಸೆತ ಕೆಡುತ್ತದೆ.

ಇಷ್ಟು ಹೇಳಿದ ಮೇಲೂ ನಮ್ಮ ಅಭಿಪ್ರಾಯವೆಂದರೆ, ದಡದಿಂದ ಗಾಳ ಹಾಕುವವರು ಹೆಚ್ಚು ಹಣ ಸುರಿಯಬೇಕಾದುದು ರಾಡಿಗಲ್ಲ. ಮಧ್ಯಮ ಬೆಲೆಯ ರಾಡ್‌ಗಳು ಈಗ ಸಾಕಷ್ಟು ಚೆನ್ನಾಗಿವೆ. ಒಳ್ಳೆಯ ರಾಡಿಗೆ ತಪ್ಪು ಲೈನ್ ಸುತ್ತಿದರೆ ಮೀನು ಸಿಗದು. ಸಾಧಾರಣ ರಾಡಿಗೆ ಸರಿಯಾದ ಲೈನ್ ಸುತ್ತಿದರೆ ಸಿಗುತ್ತದೆ. ಹೊಳೆಯಲ್ಲಿ ನೀವು ಬಳಸುವ ತೇಲುವ ಲೈನನ್ನು ಕಡಲಿನ ಪ್ರತಿಯೊಂದು ಅಲೆಯೂ ಎತ್ತಿ ಇಳಿಸುತ್ತದೆ, ಗಾಳಿ ಪಕ್ಕಕ್ಕೆ ಬಾಗಿಸುತ್ತದೆ. ಹೀಗೆ ಲೈನ್ ಸಡಿಲವಾದಾಗ ಮೀನು ಫ್ಲೈಯನ್ನು ಬಾಯಿಗೆ ಹಾಕಿಕೊಂಡು ಉಗುಳಿದರೂ ನಿಮ್ಮ ಬೆರಳಿಗೆ ತಿಳಿಯುವುದಿಲ್ಲ. ಆದ್ದರಿಂದ ‘ಇಂಟರ್‌ಮೀಡಿಯೆಟ್’ ಎಂದು ಮಾರುವ, ಸೆಕೆಂಡಿಗೆ ಒಂದೂವರೆ ಎರಡು ಅಂಗುಲದಷ್ಟು ನಿಧಾನವಾಗಿ ಮುಳುಗುವ ಲೈನ್ ತೆಗೆದುಕೊಳ್ಳಿ. ಅದು ಅಲೆಯ ಏರಿಳಿತದ ಕೆಳಗೆ ನೇರವಾಗಿ ನಿಲ್ಲುತ್ತದೆ, ಆದರೆ ಮೂರು ನಾಲ್ಕು ಅಡಿ ನೀರಿನಲ್ಲಿ ತಳ ಹಿಡಿಯುವಷ್ಟು ಬೇಗ ಇಳಿಯುವುದಿಲ್ಲ. ಬೇಗ ಮುಳುಗುವ ಲೈನ್ ಬೇಕಾಗುವುದು ಸೆಳೆತ ಜೋರಾಗಿರುವ ಆಳದ ಕಾಲುವೆಗಳಲ್ಲಿ ಮಾತ್ರ. ಮೊದಲ ವರ್ಷಕ್ಕೆ ಅದರ ಗೊಡವೆ ಬೇಡ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ತಣ್ಣೀರಿನದೇ ಎಂದು ನೋಡಿಕೊಳ್ಳಿ. ಉಷ್ಣವಲಯಕ್ಕೆಂದು ಮಾಡಿದ ಲೈನ್ ನ್ಯೂ ಇಂಗ್ಲೆಂಡಿನ ಮೇ ತಿಂಗಳ ನೀರಿನಲ್ಲಿ ಬಿರುಸಾಗಿ, ರೀಲಿನಿಂದ ಸುರುಳಿ ಸುರುಳಿಯಾಗಿಯೇ ಹೊರಬರುತ್ತದೆ.

ಎರಡನೆಯದು ಸ್ಟ್ರಿಪಿಂಗ್ ಬಾಸ್ಕೆಟ್. ನೋಡಲು ಚೆಲುವಿಲ್ಲದ, ಎಳೆದುಕೊಂಡ ಲೈನ್ ತುಂಬಿಕೊಳ್ಳಲು ಸೊಂಟಕ್ಕೆ ಕಟ್ಟಿಕೊಳ್ಳುವ ಈ ಬುಟ್ಟಿಯನ್ನು ಹೊಸಬರು ಕೊನೆಯಲ್ಲಿ ಕೊಳ್ಳುತ್ತಾರೆ, ಅಥವಾ ಕೊಳ್ಳುವುದೇ ಇಲ್ಲ. ದೋಣಿಯಲ್ಲಾದರೆ ಎಳೆದುಕೊಂಡ ಲೈನ್ ಹಲಗೆಯ ಮೇಲೆ ಬೀಳುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಲೈನನ್ನು ಹಿಂದೆ ಸರಿಯುವ ಅಲೆ ಕಾಲಿಗೆ ಸುತ್ತುತ್ತದೆ, ಪಾಚಿಗೆ ತೊಡರಿಸುತ್ತದೆ. ಮುಂದಿನ ಎಸೆತದಲ್ಲಿ ಅದನ್ನೆಲ್ಲ ನೀರಿನಿಂದ ಕಿತ್ತೆಳೆಯುವಷ್ಟರಲ್ಲಿ ಫ್ಲೈಯ ಓಟ ಅರ್ಧಕ್ಕೇ ನಿಲ್ಲುತ್ತದೆ. ಬುಟ್ಟಿಯ ತಳದಲ್ಲಿರುವ ನೆಟ್ಟಗಿನ ಮೊಳೆಗಳು ಲೈನಿನ ಸುತ್ತುಗಳು ಒಂದಕ್ಕೊಂದು ಸಿಕ್ಕಾಗದಂತೆ ತಡೆಯುತ್ತವೆ. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ಬಿಗೆ ನೀರು ಬಸಿಯಲು ತೂತು ಕೊರೆದು, ಕೇಬಲ್ ಟೈಗಳನ್ನು ನಿಲ್ಲಿಸಿ, ಎಲಾಸ್ಟಿಕ್ ಪಟ್ಟಿ ಹಾಕಿಕೊಂಡರೂ ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ರೀಲಿನ ವಿಷಯದಲ್ಲಿ ನೋಡಬೇಕಾದುದು ಡ್ರ್ಯಾಗ್, ಅಂದರೆ ಮೀನು ಓಡುವಾಗ ಲೈನನ್ನು ಹಿಡಿದಿಡುವ ತಡೆ, ಸಂಪೂರ್ಣ ಮುಚ್ಚಿದ್ದೇ, ಅಲ್ಯೂಮಿನಿಯಮ್‌ಗೆ ಉಪ್ಪು ತಿನ್ನದಂತೆ ಆನೊಡೈಸ್ ಮಾಡಿದೆಯೇ ಎಂಬುದು. ಉಪ್ಪಿಗಿಂತಲೂ ಮರಳು ಹೆಚ್ಚು ರೀಲುಗಳನ್ನು ಕೆಡಿಸುತ್ತದೆ. ಲೈನಿನ ಹಿಂದೆ 30 ಪೌಂಡ್ ಎಳೆತ ತಾಳುವ ಡೇಕ್ರಾನ್ ಬ್ಯಾಕಿಂಗ್ (ಮೀನು ದೂರ ಓಡಿದಾಗ ಬಿಡುವ ಹೆಚ್ಚುವರಿ ದಾರ) ಸುಮಾರು 200 ಗಜ ಹಿಡಿಯುವ ಗಾತ್ರ ಸಾಕು. ಲೈನಿಗೂ ಫ್ಲೈಗೂ ನಡುವಿನ ತೆಳು ದಾರವಾದ ಲೀಡರ್ ಏಳೆಂಟು ಅಡಿಯಿದ್ದು ತುದಿ 20 ಪೌಂಡ್ ಎಳೆತ ತಾಳುವಂತಿರಲಿ. ಟ್ರೌಟ್‌ಗೆ ಕಟ್ಟುವಂತೆ ಉದ್ದವಾಗಿ ಕಟ್ಟಿದರೆ ಲೈನ್ ಮುಳುಗಿದರೂ ಫ್ಲೈ ಮೇಲೆಯೇ ಉಳಿಯುತ್ತದೆ. ಸ್ಟ್ರೈಪ್ಡ್ ಬಾಸ್‌ಗೆ ದಾರ ಕತ್ತರಿಸುವ ಹಲ್ಲಿಲ್ಲ. ಅದೇ ನೀರಿನಲ್ಲಿ ಬೇಟೆಯಾಡುವ ಬ್ಲೂಫಿಶ್‌ಗೆ ಇದೆ. ಅದು ಬಂದಿದ್ದರೆ ಗೇಣುದ್ದ ತಂತಿ ಸೇರಿಸಿ.

ಫ್ಲೈಗಳ ಪೆಟ್ಟಿಗೆ ತುಂಬಿಸಿಕೊಳ್ಳುವ ಆಸೆಯನ್ನು ತಡೆದುಕೊಳ್ಳಿ. ಹೆಸರಾಂತ ಫ್ಲೈ ಮೀನುಗಾರ ಲೆಫ್ಟಿ ಕ್ರೇ ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗಾಗಿ 1950ರ ದಶಕದ ಕೊನೆಯಲ್ಲಿ ರೂಪಿಸಿದ ‘ಡಿಸೀವರ್’ ಮತ್ತು ಬಾಬ್ ಕ್ಲೌಸರ್ 1980ರ ದಶಕದಲ್ಲಿ ಕಟ್ಟಿದ ‘ಕ್ಲೌಸರ್ ಮಿನ್ನೊ’, ಇವೆರಡರಲ್ಲಿ ಬಿಳಿ–ಹಸಿರು ಬಣ್ಣದ ಕೆಲವನ್ನು ಇಟ್ಟುಕೊಂಡರೆ ಸ್ಯಾಂಡ್ ಈಲ್‌ನಿಂದ ಹಿಡಿದು ಇಲ್ಲಿನ ಸಣ್ಣ ಮೀನುಗಳ ಬಹುಪಾಲಿನ ಹೋಲಿಕೆ ಸಿಕ್ಕಂತಾಗುತ್ತದೆ. ಕ್ಲೌಸರ್‌ನ ಭಾರವಾದ ಲೋಹದ ಕಣ್ಣುಗಳಿಂದಾಗಿ ಕೊಕ್ಕೆಯ ಮೊನೆ ಮೇಲ್ಮುಖವಾಗುವುದರಿಂದ ಅದು ತಳದ ಮರಳಿಗೆ ಸಿಕ್ಕಿಬೀಳುವುದು ಕಡಿಮೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಏಕೆಂದರೆ ಮ್ಯಾಸಚೂಸೆಟ್ಸ್‌ನಲ್ಲಿ ದಿನಕ್ಕೆ ಒಂದೇ ಸ್ಟ್ರೈಪ್ಡ್ ಬಾಸ್ ಮೀನನ್ನು, ಅದೂ 28 ಅಂಗುಲಕ್ಕೆ ಕಡಿಮೆಯಿಲ್ಲದ, 31ಕ್ಕಿಂತ ಒಳಗಿನದನ್ನು ಮಾತ್ರ ಇಟ್ಟುಕೊಳ್ಳಬಹುದು. ಉಳಿದುದನ್ನೆಲ್ಲ ಜೀವಂತ ಬಿಡಬೇಕು. ಈ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ರಾಜ್ಯದ ನಿಯಮ ನೋಡಿಕೊಳ್ಳಿ. ಹದಿನಾರು ತುಂಬಿದವರಿಗೆ ಕಡಲ ಮೀನುಗಾರಿಕೆಯ ಪರವಾನಗಿಯೂ ಬೇಕು.

ಪ್ರಶ್ನೆ: ನಮ್ಮ ಯಜಮಾನರು ಕೇಪ್ ಕಾಡ್‌ನಲ್ಲಿ ರಾತ್ರಿ ನೀರಿಗಿಳಿದು ಗಾಳ ಹಾಕುತ್ತಾರೆ. ಅಲ್ಲಿ ಬಿಳಿ ಶಾರ್ಕ್‌ಗಳಿವೆಯೆಂದು ಕೇಳಿ ಭಯವಾಗಿದೆ. ಅವರ ಸಾಮಾನಿನ ಜೊತೆ ಏನಿರಬೇಕು?
— ಓದುಗರು, ವೂಸ್ಟರ್, ಮ್ಯಾಸಚೂಸೆಟ್ಸ್

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಕಡಲ ಸಸ್ತನಿಗಳನ್ನು ಕಾಯುವ 1972ರ ಕಾಯಿದೆಯ ರಕ್ಷಣೆಯಲ್ಲಿ ಬೂದು ಸೀಲ್‌ಗಳು ಹೆಚ್ಚಿದವು, ಅವನ್ನು ತಿನ್ನಲು ಶಾರ್ಕ್‌ಗಳು ಬಂದವು. 2018ರಲ್ಲಿ ವೆಲ್‌ಫ್ಲೀಟ್‌ನ ಹೊರಕಡಲ ದಡದಲ್ಲಿ ಒಬ್ಬರು ಸತ್ತರು. ಸೀಲ್ ಕಂಡ ದಡದಲ್ಲಿ ನೀರಿಗಿಳಿಯಬಾರದು. ಇಳಿಯುವ ಅಗತ್ಯವೂ ಅಷ್ಟಿಲ್ಲ: ಮುಸ್ಸಂಜೆಯ ನಂತರ ಸ್ಟ್ರೈಪ್ಡ್ ಬಾಸ್ ಮೀನುಗಳು ದಡಕ್ಕೆ ತಾಗಿದ ತಗ್ಗಿನಲ್ಲೇ ಮೇಯುವುದರಿಂದ, ಒಣ ಮರಳಿನಲ್ಲಿ ನಿಂತು ಐವತ್ತು ಅಡಿ ಎಸೆದರೂ ಸಾಕಾಗುತ್ತದೆ. ಆದರೆ ಶಾರ್ಕ್‌ಗಿಂತ ಹತ್ತಿರದ ಅಪಾಯ ಭರತದ್ದು. ಒಳಕೊಲ್ಲಿಯಲ್ಲಿ ನೀರು ಸುಮಾರು ಹತ್ತು ಅಡಿ ಏರಿಳಿಯುತ್ತದೆ. ಬ್ರೂಸ್ಟರ್‌ನ ಬಯಲಿನಲ್ಲಿ ಇಳಿತದ ಹೊತ್ತಿಗೆ ಮೈಲಿಯಷ್ಟು ಮರಳು ತೆರೆದುಕೊಂಡು, ಭರತ ಬಂದಾಗ ನಡೆದು ಹೋದವರ ಬೆನ್ನ ಹಿಂದಿನ ತಗ್ಗುಗಳು ಮೊದಲು ತುಂಬುತ್ತವೆ. ಅದರ ಮೇಲೆ ಮಂಜು ಕವಿದರೆ ದಡ ಯಾವ ಕಡೆಯೆಂದೇ ತಿಳಿಯದು. ಭರತದ ವೇಳಾಪಟ್ಟಿ, ದಿಕ್ಸೂಚಿ, ತಲೆಗೆ ಕಟ್ಟುವ ದೀಪ, ಸೊಂಟದ ಬೆಲ್ಟ್ ಬಿಗಿದ ವೇಡರ್ (ನೀರು ತಡೆಯುವ ಉಡುಪು) ಇವಿಷ್ಟು ಇಲ್ಲದೆ ಅವರನ್ನು ಕಳಿಸಬೇಡಿ. ಕಲ್ಲಿನ ತಡೆಗೋಡೆ ಹತ್ತುವವರಾದರೆ ಮೊಳೆಯಿರುವ ಬೂಟು, ಮತ್ತು ಗಾಳಿಯಲ್ಲಿ ಹಾರುವ ಕೊಕ್ಕೆಯಿಂದ ಕಣ್ಣು ಕಾಯಲು ರಾತ್ರಿಯಾದರೂ ಬಣ್ಣವಿಲ್ಲದ ಕನ್ನಡಕ.

ಪ್ರಶ್ನೆ: ನ್ಯೂ ಜೆರ್ಸಿಯಲ್ಲಿ ಬಳಸುವ ನನ್ನ 9 ವೇಟ್ ಸಾಮಾನನ್ನು ಡಿಸೆಂಬರ್‌ನಲ್ಲಿ ಊರಿಗೆ, ಮಲ್ಪೆಯ ಕಡೆಗೆ, ತರಬಹುದೆ?
— ಓದುಗರು, ಎಡಿಸನ್

ಉತ್ತರ: ರಾಡ್, ರೀಲ್ ತನ್ನಿ, ಲೈನ್ ಬೇಡ. ತಣ್ಣೀರಿನ ಲೈನ್ ಅರಬ್ಬಿ ಸಮುದ್ರದ ಬೆಚ್ಚನೆಯ ನೀರಿನಲ್ಲಿ, ನಮ್ಮ ಬಿಸಿಲಿನಲ್ಲಿ ಮೆತ್ತಗಾಗಿ ರಾಡಿನ ಉಂಗುರಗಳಿಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಸ್ಪೂಲ್ ಕೊಂಡು ಅದಕ್ಕೆ ಉಷ್ಣವಲಯದ ಲೈನ್ ಸುತ್ತಿಕೊಳ್ಳಿ. ಬಾರಾಕುಡಾ ಇರುವೆಡೆ ತಂತಿ ಕಡ್ಡಾಯ. ಡಿಸೆಂಬರ್‌ನ ಕಡಲು ಶಾಂತವಾಗಿರುತ್ತದೆ. ತೆರೆದ ದಡಕ್ಕಿಂತ ಹೊಳೆ ಕಡಲಿಗೆ ಸೇರುವ ಅಳಿವೆಗಳಲ್ಲಿ, ನೀರು ಇಳಿಯುವ ಹೊತ್ತಿನಲ್ಲಿ, ಮೊದಲು ನೋಡಿ. ಪ್ರತಿ ಸಂಜೆ ರೀಲಿನ ಡ್ರ್ಯಾಗ್ ಬಿಗಿಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಉಪ್ಪು ಒಳಗೇ ಸೇರುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ.