ನಿಶ್ಚಿತಾರ್ಥದ ಉಂಗುರ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ನಮಸ್ಕಾರ. ನಿಶ್ಚಿತಾರ್ಥಕ್ಕೆ ಎರಡು ಉಂಗುರ ಬೇಕು, ಹುಡುಗಿಯದರಲ್ಲಿ ಒಂಟಿ ವಜ್ರವಿರಬೇಕು, ಹುಡುಗನದು ಸಾದಾ ಚಿನ್ನದ್ದಾದರೂ ಸಾಕು, ಅಂಗಡಿಯವರು ಹರಳಿನ ತೂಕ ಅರ್ಧ ಕ್ಯಾರೆಟ್‌ಗಿಂತ ಕಡಿಮೆ ಬೇಡವೆನ್ನುತ್ತಿದ್ದಾರೆ, ಖರ್ಚು ಇಳಿಸಿದರೆ ಗುಣಮಟ್ಟ ಕೆಡುತ್ತದೆಯೇ ಎಂದು ತಾವು ಕೇಳಿದ್ದೀರಿ. ಕೆಡುವುದಿಲ್ಲ. ಬರಿಗಣ್ಣಿಗೆ ಕಾಣದ ಗುಣಗಳಿಗೆ ಹಣ ಕೊಡದೆ, ಕಾಣುವ ಗುಣದಲ್ಲಿ ರಾಜಿ ಮಾಡಿಕೊಳ್ಳದಿದ್ದರೆ ಸಾಕು.

ಕಣ್ಣಿಗೆ ಮೊದಲು ಕಾಣುವುದು ಕಟಿಂಗ್. ಹರಳಿನ ಮುಖಗಳನ್ನು ಸರಿಯಾದ ಕೋನದಲ್ಲಿ ಕತ್ತರಿಸಿದ್ದರೆ ಒಳಹೊಕ್ಕ ಬೆಳಕು ಮೇಲ್ಭಾಗದಿಂದಲೇ ಹೊರಬರುತ್ತದೆ. ಇಲ್ಲದಿದ್ದರೆ ಅಡಿಯಿಂದ ಸೋರಿಹೋಗಿ, ಎಷ್ಟೇ ಶುಭ್ರವಾದ ವಜ್ರವೂ ಮಂಕಾಗಿ ಕಾಣುತ್ತದೆ. ತೂಕ ಹೆಚ್ಚಿರಲೆಂದು ಆಳವಾಗಿ ಕತ್ತರಿಸಿದ ಹರಳುಗಳೂ ಮಾರುಕಟ್ಟೆಯಲ್ಲಿವೆ. ಅವು ತಕ್ಕಡಿಯಲ್ಲಿ ದೊಡ್ಡವು, ಬೆರಳಿನಲ್ಲಿ ಚಿಕ್ಕವು. ಆದ್ದರಿಂದ ದುಂಡು ಹರಳಾದರೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದಲ್ಲಿ ಕಟ್, ಪಾಲಿಶ್, ಸಿಮೆಟ್ರಿ ಮೂರಕ್ಕೂ ‘ಎಕ್ಸಲೆಂಟ್’ ಇರುವುದನ್ನೇ ಕೇಳಿ.

ಇನ್ನು ತೂಕದ ಮಾತು. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎಂಬ ಪೂರ್ಣ ಗುರುತುಗಳನ್ನು ಮುಟ್ಟಿದ ಕೂಡಲೇ ಕ್ಯಾರೆಟ್‌ವಾರು ದರವೇ ಮೇಲೇರುತ್ತದೆ. ಚೆನ್ನಾಗಿ ಕತ್ತರಿಸಿದ 0.50 ಕ್ಯಾರೆಟ್‌ನ ದುಂಡು ಹರಳಿನ ವ್ಯಾಸ ಸುಮಾರು 5.1 ಮಿ.ಮೀ., 0.45 ಕ್ಯಾರೆಟ್‌ನದು 5 ಮಿ.ಮೀ.ಗೆ ಹತ್ತಿರ. ಈ ವ್ಯತ್ಯಾಸವನ್ನು ನೆಂಟರಿಷ್ಟರು ಗುರುತಿಸುವುದು ಅಸಾಧ್ಯ, ಅಂಗಡಿಯವರಿಗೂ ಅಳತೆಪಟ್ಟಿ ಬೇಕು. ಬಣ್ಣದಲ್ಲಿ ‘ಡಿ’ ಅತ್ಯುತ್ತಮ ಶ್ರೇಣಿ, ಇಂಗ್ಲಿಷ್ ಅಕ್ಷರ ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚುತ್ತದೆ. ಆದರೆ ಹಳದಿ ಚಿನ್ನದಲ್ಲಿ ಕೂರಿಸುವ ಹರಳು ‘ಐ’ ಅಥವಾ ‘ಜೆ’ ಆಗಿದ್ದರೂ ಬೆಳ್ಳಗೇ ಕಾಣುತ್ತದೆ, ಬಿಳಿ ಚಿನ್ನ ಅಥವಾ ಪ್ಲಾಟಿನಂ ಆದರೆ ‘ಜಿ’ ಅಥವಾ ‘ಎಚ್’ ಇರಲಿ. ಸ್ವಚ್ಛತೆಯಲ್ಲಿ, ಅಂದರೆ ಒಳಗಿನ ಚುಕ್ಕೆ-ಗೆರೆಗಳ ಲೆಕ್ಕದಲ್ಲಿ, ವಿವಿಎಸ್ ಮೇಲಿನ ಶ್ರೇಣಿ, ಅದರ ಕೆಳಗೆ ವಿಎಸ್, ಆಮೇಲೆ ಎಸ್‌ಐ. ನಿಮಗೆ ವಿಎಸ್2 ಸಾಕು. ನಡುಭಾಗದಲ್ಲಿ ಕಪ್ಪು ಚುಕ್ಕೆ ಕಾಣದಿದ್ದರೆ ಎಸ್‌ಐ1 ಕೂಡ ಆದೀತು. ಈ ಗಾತ್ರದ ಹರಳಿಗೆ ವಿವಿಎಸ್ ಎಂದು ಹೆಚ್ಚು ಹಣ ಕೊಡುವುದು ಭೂತಗನ್ನಡಿಗೆ ಕೊಟ್ಟ ಹಣವೆಂದೇ ನನ್ನ ಅಭಿಪ್ರಾಯ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಬಗ್ಗೆಯೂ ಕೇಳಿದ್ದೀರಿ. ಅದು ನಕಲಿಯಲ್ಲ, ಅದೇ ಇಂಗಾಲ, ಅದೇ ಗಡಸುತನ, ಬೆಲೆ ಮಾತ್ರ ಬಹಳ ಕಡಿಮೆ. ಆದರೆ ಅದರ ದರ ಕೆಲವು ವರ್ಷಗಳಿಂದ ಇಳಿಯುತ್ತಲೇ ಬಂದಿರುವುದರಿಂದ ಮರುಮಾರಾಟದಲ್ಲಿ ಏನೂ ನಿರೀಕ್ಷಿಸಬೇಡಿ. ಉಂಗುರವನ್ನು ಎಂದೂ ಬದಲಿಸುವುದಿಲ್ಲವೆಂದಾದರೆ, ಮನೆಯ ಹಿರಿಯರಿಗೆ ವಿಷಯ ಮೊದಲೇ ತಿಳಿಸಿ, ಧಾರಾಳವಾಗಿ ಕೊಳ್ಳಿ. ಅಂಗಡಿಯಲ್ಲಿ ಶಾಖದಿಂದ ಪರೀಕ್ಷಿಸುವ ಸಾಮಾನ್ಯ ಉಪಕರಣವು ಇದನ್ನು ಗಣಿಯ ವಜ್ರದಿಂದ ಬೇರ್ಪಡಿಸಲಾರದು, ವಜ್ರದಂತೆ ಕಾಣುವ ಬೇರೆ ಹರಳಾದ ಮೊಯಿಸನೈಟ್ ಕೂಡ ಅದರಲ್ಲಿ ಅನೇಕ ವೇಳೆ ವಜ್ರವೆಂದೇ ಪಾಸಾಗುತ್ತದೆ. ಹಾಗಾಗಿ ಜಿಐಎ ಅಥವಾ ಐಜಿಐ ಎಂಬ ರತ್ನ ಪರೀಕ್ಷಾ ಸಂಸ್ಥೆಗಳ ಪ್ರಮಾಣಪತ್ರವಿಲ್ಲದೆ ಒಂಟಿ ಹರಳು ಕೊಳ್ಳಬೇಡಿ. ಪತ್ರದ ಸಂಖ್ಯೆಯನ್ನು ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ್ದರೆ ಭೂತಗನ್ನಡಿಯಲ್ಲಿ ತೋರಿಸಲು ಹೇಳಿ.

ಹೆಚ್ಚಿನವರು ಹಣ ಕಳೆದುಕೊಳ್ಳುವುದು ವಜ್ರದಲ್ಲಲ್ಲ, ಬಿಲ್ಲಿನಲ್ಲಿ. ಚಿನ್ನಕ್ಕೆ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆಯ ಅಳತೆ. 22 ಕ್ಯಾರೆಟ್ ಚಿನ್ನ ಮೆದುವಾದ್ದರಿಂದ ಹರಳು ಹಿಡಿಯುವ ಉಂಗುರವನ್ನು ಸಾಮಾನ್ಯವಾಗಿ 18 ಅಥವಾ 14 ಕ್ಯಾರೆಟ್‌ನಲ್ಲಿ ಮಾಡುತ್ತಾರೆ. 18 ಕ್ಯಾರೆಟ್ ಎಂದರೆ ಶೇ. 75 ಚಿನ್ನ, ದರವೂ ಅದೇ ಪ್ರಮಾಣದಲ್ಲಿ ಇಳಿಯಬೇಕು, ಬೋರ್ಡಿನ ಮೇಲಿನ 22 ಕ್ಯಾರೆಟ್ ದರ ಹಾಕಿದ್ದರೆ ಒಪ್ಪಬೇಡಿ. ಒಂದು ಕ್ಯಾರೆಟ್ ಹರಳು 0.2 ಗ್ರಾಂ ತೂಗುತ್ತದೆ. ಒಟ್ಟು ತೂಕದಿಂದ ಹರಳಿನ ತೂಕ ಕಳೆದು ಉಳಿದ ನಿವ್ವಳ ತೂಕಕ್ಕಷ್ಟೇ ಚಿನ್ನದ ದರ ಕಟ್ಟಿರಬೇಕು. ಚಿನ್ನ, ಹರಳು, ಮೇಕಿಂಗ್ ಚಾರ್ಜ್, ವೇಸ್ಟೇಜ್, ಶೇ. 3 ಜಿಎಸ್‌ಟಿ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಎಲ್ಲವನ್ನೂ ಸೇರಿಸಿ ‘ಉಂಗುರದ ಬೆಲೆ ಇಷ್ಟು’ ಎನ್ನುವ ಅಂಗಡಿಯೊಡನೆ ಚೌಕಾಸಿ ಮಾಡುವುದೇ ವ್ಯರ್ಥ. ಆಷಾಢದ ರಿಯಾಯಿತಿಯೂ ಬಹುತೇಕ ಮೇಕಿಂಗ್ ಚಾರ್ಜ್‌ಗೆ ಮಾತ್ರ ಸಿಗುವುದರಿಂದ, ರಿಯಾಯಿತಿಗೆ ಮುಂಚಿನ ಶುಲ್ಕವನ್ನು ಮತ್ತೊಂದು ಅಂಗಡಿಯ ಶುಲ್ಕದೊಡನೆ ಹೋಲಿಸಿ ನೋಡಿ. ವಾಪಸು ಕೊಟ್ಟರೆ ಚಿನ್ನಕ್ಕೆ ಎಷ್ಟು, ವಜ್ರಕ್ಕೆ ಎಷ್ಟು ಎಂಬುದನ್ನೂ ಲಿಖಿತವಾಗಿ ಪಡೆಯಿರಿ.

ಹುಡುಗನ ಉಂಗುರಕ್ಕೆ ಹೆಚ್ಚು ಯೋಚಿಸಬೇಕಿಲ್ಲ. ಕೆತ್ತನೆಯಿಲ್ಲದ 22 ಕ್ಯಾರೆಟ್ ಬಳೆಯುಂಗುರಕ್ಕೆ ಮಜೂರಿ ಕಡಿಮೆ, ಅಲ್ಲಿ ಉಳಿದದ್ದನ್ನು ವಜ್ರದ ಕಟಿಂಗ್‌ಗೆ ಹಾಕಬಹುದು. ಹುಡುಗಿ ಉಂಗುರವನ್ನು ದಿನವೂ ಹಾಕಿಕೊಂಡು ಕೆಲಸ ಮಾಡುವವರಾದರೆ ಎತ್ತರದ ಸೆಟ್ಟಿಂಗ್ ಬೇಡ. ಹರಳಿನ ಸುತ್ತ ಲೋಹದ ಅಂಚು ಕಟ್ಟಿದ ವಿನ್ಯಾಸ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಬಿಳಿ ಚಿನ್ನಕ್ಕೆ ಹಾಕುವ ರೋಡಿಯಂ ಲೇಪ ಕಾಲಕ್ರಮೇಣ ಸವೆಯುತ್ತದೆ, ಮತ್ತೆ ಹಾಕಿಸುವ ಖರ್ಚು ಇದ್ದೇ ಇರುತ್ತದೆ.

ಬೆರಳಿನ ಅಳತೆಯನ್ನು ಸಂಜೆಯ ಹೊತ್ತು ತೆಗೆಸಿ, ಬೆಳಗಿನ ಚಳಿಯಲ್ಲಿ ಬೆರಳು ಕೊಂಚ ಸಣ್ಣಗಿರುತ್ತದೆ. ಉಂಗುರ ಕೈಗೆ ಬಂದಾಗ ಹಣ ಕೊಡುವ ಮುನ್ನ ಒಳಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, ‘18ಕೆ750’ ಎಂಬಂತಹ ಶುದ್ಧತೆಯ ಗುರುತು, ಅಕ್ಷರ ಮತ್ತು ಅಂಕೆ ಬೆರೆತ ಆರು ಸ್ಥಾನಗಳ ಎಚ್‌ಯುಐಡಿ (ಪ್ರತಿ ಆಭರಣಕ್ಕೂ ಪ್ರತ್ಯೇಕವಾದ ಗುರುತಿನ ಸಂಖ್ಯೆ) ಇವೆಯೇ ಎಂದು ನೋಡಿ, ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ನಿಂತು ಹಾಕಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಆಭರಣಗಳನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಬಿಲ್ಲಿನ ಕರಡು ಸಿಕ್ಕಿದ ಮೇಲೆ ಅಂಗಡಿಯ ಹೆಸರನ್ನು ಮುಚ್ಚಿ ಇಲ್ಲಿ ಹಾಕಿದರೆ ಸಾಲುಸಾಲಾಗಿ ನೋಡಿ ಹೇಳುತ್ತೇನೆ.